ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಹಾಕ್ಲೇಬೇಕಾ? ಶಿಡ್ಲಘಟ್ಟ ಕಡೆಯ ತಾಯಿಯೊಬ್ಬರ ಪ್ರಶ್ನೆ, ಒಬ್ಬ ಇಂಗ್ಲಿಷ್ ಮೇಷ್ಟ್ರ ಉತ್ತರ

ಪ್ರಶ್ನೆ: ಸರ್, ನಾವು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವರು, ರೇಷ್ಮೆ ಬೆಳೆಯೋರು. ಮನೇಲಿ ಮಾತಾಡೋದು ತೆಲುಗು. ನಾನು ಕನ್ನಡದಲ್ಲಿ ಹತ್ತನೇ ಕ್ಲಾಸು ಓದಿದ್ದೀನಿ, ಯಜಮಾನ್ರು ಏಳನೇ ಕ್ಲಾಸು. ಮಗಳು ಊರಿನ ಸರ್ಕಾರಿ ಶಾಲೇಲಿ ಕನ್ನಡ ಮೀಡಿಯಂನಲ್ಲಿ ಏಳನೇ ಕ್ಲಾಸು ಮುಗಿಸ್ತಿದಾಳೆ. ಲೆಕ್ಕ, ವಿಜ್ಞಾನ ಚೆನ್ನಾಗಿ ಮಾಡ್ತಾಳೆ, ಇಂಗ್ಲಿಷ್ ಅಂದ್ರೆ ಮಾತ್ರ ಮುಖ ಸಪ್ಪೆ ಆಗತ್ತೆ. ಮುಂದೆ ಅಗ್ರಿ ಬಿಎಸ್ಸಿ ಓದ್ತೀನಿ ಅಂತಾಳೆ. ಈಗ್ಲೇ ಟೌನಿನ ಇಂಗ್ಲಿಷ್ ಮೀಡಿಯಂಗೆ ಹಾಕಿ, ಇಲ್ಲಾಂದ್ರೆ ಪಿಯುಸಿಲಿ ಬಿದ್ದೋಗ್ತಾಳೆ ಅಂತ ನಮ್ಮ ಭಾವ ಒಂದೇ ಸಮ ಹೇಳ್ತಿದಾರೆ. ಪಕ್ಕದೂರಿನ ಹೈಸ್ಕೂಲಲ್ಲಿ ಕನ್ನಡ ಮೀಡಿಯಂ ಇದೆ, ನಡ್ಕೊಂಡೇ ಹೋಗ್ಬಹುದು. ಟೌನ್ ಸ್ಕೂಲಲ್ಲಿ ವಿಚಾರಿಸಿದ್ರೆ ಇಂಗ್ಲಿಷು ಫಸ್ಟ್ ಲ್ಯಾಂಗ್ವೇಜಾ ಸೆಕೆಂಡ್ ಲ್ಯಾಂಗ್ವೇಜಾ ಅಂತ ಕೇಳಿದ್ರು, ನಮಗೆ ಅರ್ಥಾನೇ ಆಗ್ಲಿಲ್ಲ. ಮನೇಲಿ ಇಂಗ್ಲಿಷ್ ಬರೋರು ಯಾರೂ ಇಲ್ಲ, ನಾವು ಹೇಗೆ ಹೇಳ್ಕೊಡೋದು? ಸ್ಪೋಕನ್ ಇಂಗ್ಲಿಷ್ ಕೋರ್ಸು, ಟ್ಯಾಬ್ ಕೊಡೋ ಆ್ಯಪು ಅಂತ ಮನೆ ಬಾಗಿಲಿಗೇ ಬರ್ತಿದಾರೆ. ಚಿಕ್ಕ ಮಗ ಈಗ ನಾಲ್ಕನೇ ಕ್ಲಾಸು, ಅವನಿಗೂ ಇದೇ ಪಾಡಾಗತ್ತಾ ಅಂತ ಚಿಂತೆ.

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯ ಒಂದಕ್ಕೊಂದು ಸಿಕ್ಕಾಕ್ಕೊಂಡಿದೆ, ಟೌನ್ ಸ್ಕೂಲಿನೋರು ಕೇಳಿದ ಪ್ರಶ್ನೆ ಅರ್ಥ ಆಗದೆ ಇದ್ದಿದ್ದಕ್ಕೂ ಅದೇ ಕಾರಣ. ಮೀಡಿಯಂ ಅಂದ್ರೆ ಲೆಕ್ಕ, ವಿಜ್ಞಾನ, ಸಮಾಜ ಯಾವ ಭಾಷೇಲಿ ಓದ್ತಾರೆ ಅನ್ನೋದು. ಫಸ್ಟ್ ಲ್ಯಾಂಗ್ವೇಜ್, ಸೆಕೆಂಡ್ ಲ್ಯಾಂಗ್ವೇಜ್ ಅಂದ್ರೆ ಭಾಷೆ ವಿಷಯಗಳಲ್ಲಿ ಯಾವುದನ್ನ ದೊಡ್ಡ ಪುಸ್ತಕವಾಗಿ ಓದ್ತಾರೆ ಅನ್ನೋದು. ಇನ್ನು ಮಗುಗೆ ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳಕ್ಕೆ ಬರತ್ತಾ ಅನ್ನೋದು ಮೂರನೇದು, ಅಸಲಿಗೆ ನೀವು ತಲೆ ಕೆಡಿಸ್ಕೋಬೇಕಾಗಿರೋದು ಇದಕ್ಕೆ. ಮೊದಲ ಎರಡು ಸರಿಹೋದ್ರೆ ಮೂರನೇದು ತಾನಾಗೇ ಬರತ್ತೆ ಅಂತ ಎಲ್ರೂ ಅಂದ್ಕೋತಾರೆ, ಹಂಗೆ ಬರಲ್ಲ. ಚಿಕ್ಕಬಳ್ಳಾಪುರ, ಕೋಲಾರ ಎರಡೂ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದೋನು ನಾನು, ಎಂಟನೇ ಕ್ಲಾಸಿಗೆ ಬಂದ ಮಕ್ಕಳು ಎಲ್ಲಿ ಜಾರ್ತಾರೆ ಅಂತ ಹತ್ತಿರದಿಂದ ನೋಡಿದೀನಿ, ಆ ಅನುಭವದಿಂದಾನೇ ಹೇಳ್ತೀನಿ.

ಮೊದಲು ಫಸ್ಟು ಸೆಕೆಂಡು ವಿಚಾರ ಮುಗಿಸೋಣ. ಎಸ್ಸೆಸ್ಸೆಲ್ಸಿಲಿ ಒಟ್ಟು 625 ಅಂಕ, ಅದರಲ್ಲಿ ಫಸ್ಟ್ ಲ್ಯಾಂಗ್ವೇಜಿಗೆ 125, ಮಿಕ್ಕ ಐದು ವಿಷಯಕ್ಕೆ ನೂರ್ನೂರು. ಫಸ್ಟ್ ಲ್ಯಾಂಗ್ವೇಜಲ್ಲಿ 100 ಬರವಣಿಗೆ ಪರೀಕ್ಷೆ, 25 ಇಂಟರ್ನಲ್ಸ್, ಮಿಕ್ಕ ಭಾಷೆಗಳಲ್ಲಿ 80 ಮತ್ತೆ 20. ಫಸ್ಟ್ ಲ್ಯಾಂಗ್ವೇಜ್ ಇಂಗ್ಲಿಷ್ ಪುಸ್ತಕ ದಪ್ಪ, ಪಾಠ ಪದ್ಯ ಎರಡೂ ಕಷ್ಟದ್ದು, ಚಿಕ್ಕಂದಿನಿಂದ ಇಂಗ್ಲಿಷಲ್ಲೇ ಓದಿದ ಮಕ್ಕಳನ್ನ ಮನಸ್ಸಲ್ಲಿಟ್ಕೊಂಡು ಮಾಡಿರೋದು. ನಿಮ್ಮ ಮಗಳು ಟೌನ್ ಸ್ಕೂಲಿಗೇ ಹೋದ್ಲು ಅಂದ್ಕೊಳ್ಳಿ, ಆಗ್ಲೂ ಕನ್ನಡ ಫಸ್ಟ್ ಲ್ಯಾಂಗ್ವೇಜ್, ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜ್ ಅಂತ ತಗೋಬಹುದು, ಇಂಗ್ಲಿಷ್ ಮೀಡಿಯಂ ಆದ್ರೆ ಇಂಗ್ಲಿಷೇ ಫಸ್ಟ್ ಲ್ಯಾಂಗ್ವೇಜ್ ಆಗ್ಬೇಕು ಅಂತ ಏನೂ ಇಲ್ಲ. ಆ ಸ್ಕೂಲಲ್ಲಿ ಕನ್ನಡ ಫಸ್ಟ್ ಲ್ಯಾಂಗ್ವೇಜ್ ಸೆಕ್ಷನ್ ನಡೆಸ್ತಾರಾ ಅಂತ ಮಾತ್ರ ಕೇಳ್ಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ರಾಜ್ಯದ ಯಾವ ಸ್ಕೂಲಾದ್ರೂ ಕನ್ನಡ ಮೊದಲನೇ ಇಲ್ಲಾ ಎರಡನೇ ಭಾಷೆಯಾಗಿ ಇರ್ಲೇಬೇಕು, ಹಂಗಾಗಿ ಕನ್ನಡ ಪೂರ್ತಿ ಬಿಟ್ಟೋಗತ್ತೆ ಅನ್ನೋ ಭಯ ಬೇಡ. ಎಂಟರಲ್ಲಿ ಆರಿಸ್ಕೊಂಡಿದ್ದನ್ನೇ ಹತ್ತರವರೆಗೂ ಎಳೀಬೇಕಾಗತ್ತೆ, ಮಧ್ಯದಲ್ಲಿ ಬದಲಾಯಿಸಕ್ಕೆ ಹೋದ್ರೆ ತೊಂದರೆ, ಆದ್ದರಿಂದ ಅಡ್ಮಿಷನ್ ಫಾರಂ ತುಂಬೋವಾಗ್ಲೇ ಎರಡ್ಸಲ ನೋಡಿ.

ಈಗ ನಿಮ್ಮ ಭಾವನವರ ಮಾತಿಗೆ ಬರ್ತೀನಿ. ಅವರ ಭಯ ಸುಳ್ಳಲ್ಲ. ಪಿಯುಸಿ ಸೈನ್ಸ್ ಬಹುತೇಕ ಎಲ್ಲಾ ಕಾಲೇಜಲ್ಲೂ ಇಂಗ್ಲಿಷಲ್ಲೇ ನಡಿಯತ್ತೆ, ಕನ್ನಡ ಮೀಡಿಯಂನಿಂದ ಹೋದ ಮಕ್ಕಳಿಗೆ ಮೊದಲ ಕೆಲವು ತಿಂಗಳು ನಿಜವಾಗ್ಲೂ ಕಷ್ಟ, ಲೆಕ್ಚರರ್ ಮಾತಾಡೋ ಸ್ಪೀಡಿಗೆ ನೋಟ್ಸ್ ಬರೆಯಕ್ಕಾಗಲ್ಲ, ಗೊತ್ತಿರೋ ವಿಷಯಾನೇ ಹೊಸ ಹೆಸರಲ್ಲಿ ಬಂದಾಗ ಗೊತ್ತೇ ಇಲ್ಲ ಅಂತ ಅನ್ಸಿಬಿಡತ್ತೆ. ಆದ್ರೆ ಅದಕ್ಕೆ ಔಷಧಿ ಎಂಟರಲ್ಲೇ ಮೀಡಿಯಂ ಬದಲಾಯಿಸೋದು ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ.

ಇಂಗ್ಲಿಷ್ ಮೀಡಿಯಂ ಅಂತ ಬೋರ್ಡ್ ಇರೋ ಎಷ್ಟೋ ಕ್ಲಾಸಲ್ಲಿ ಮೇಷ್ಟ್ರು ವಿವರಿಸೋದು ಕನ್ನಡದಲ್ಲಿ, ನಮ್ಮ ಕಡೆ ಆದ್ರೆ ತೆಲುಗಲ್ಲೂ. ಅದು ತಪ್ಪಲ್ಲ, ಮಕ್ಕಳಿಗೆ ಅರ್ಥ ಆಗ್ಬೇಕಲ್ಲ. ಆದ್ರೆ ಆಮೇಲೆ ಬೋರ್ಡ್ ಮೇಲೆ ಇಂಗ್ಲಿಷಲ್ಲಿ ಪ್ರಶ್ನೋತ್ತರ ಬರೀತಾರೆ, ಮಕ್ಕಳು ಕಾಪಿ ಮಾಡ್ಕೋತಾರೆ, ಮನೇಲಿ ಬಾಯಿಪಾಠ ಹೊಡೀತಾರೆ, ಟೆಸ್ಟಲ್ಲಿ ಕಕ್ಕಿ ಬರ್ತಾರೆ. ಅರ್ಥ ಆಗಿದ್ದು ಒಂದು ಭಾಷೇಲಿ, ಬರೆದಿದ್ದು ಇನ್ನೊಂದು ಭಾಷೇಲಿ, ಎರಡಕ್ಕೂ ಮಧ್ಯೆ ಕೊಂಡಿನೇ ಇಲ್ಲ. ಮೂರು ವರ್ಷ ಹಿಂಗೇ ಕಳೆದ್ರೆ ಮಗು ಇಂಗ್ಲಿಷೂ ಕಲಿಯಲ್ಲ, ಮೊದಲು ಚೆನ್ನಾಗಿ ಬರ್ತಿದ್ದ ವಿಜ್ಞಾನಾನೂ ಕಳ್ಕೊಳತ್ತೆ. ನನಗೆ ಹೆಚ್ಚು ಹೊಟ್ಟೆ ಉರಿಯೋದು ಇಂಥ ಮಕ್ಕಳನ್ನ ನೋಡಿದ್ರೆ. ಏಳನೇ ಕ್ಲಾಸಲ್ಲಿ ಕೈ ಎತ್ತಿ ಪ್ರಶ್ನೆ ಕೇಳ್ತಿದ್ದ ಹುಡುಗಿ ಒಂಬತ್ತನೇ ಕ್ಲಾಸಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತಿರ್ತಾಳೆ. ಅವಳ ಬುದ್ಧಿ ಎಲ್ಲೂ ಹೋಗಿರಲ್ಲ, ಅವಳ ಪ್ರಶ್ನೆ ಕೇಳಕ್ಕೆ ಭಾಷೆ ಇಲ್ದಂಗಾಗಿರತ್ತೆ ಅಷ್ಟೆ.

ಮಾರ್ಕ್ಸ್ ನೋಡಿ ಮೋಸ ಹೋಗ್ಬೇಡಿ ಅಂತಾನೂ ಹೇಳ್ಬೇಕು. ಸೆಕೆಂಡ್ ಲ್ಯಾಂಗ್ವೇಜ್ ಇಂಗ್ಲಿಷ್ ಪೇಪರಲ್ಲಿ ಪದ್ಯ ಬಾಯಿಪಾಠ, ಲೆಟರು, ಎಸ್ಸೇ, ಪ್ಯಾಸಿವ್ ವಾಯ್ಸು, ಚಿತ್ರ ನೋಡಿ ಬರೆಯೋದು ಇದೆಲ್ಲ ಇರತ್ತೆ, ಇದರಲ್ಲಿ ಎಷ್ಟೋ ಭಾಗ ತಿರುಗಿಸಿ ತಿರುಗಿಸಿ ಬರೆಸಿ ರೆಡಿ ಮಾಡಿಸ್ಬಹುದು. ಪ್ಯಾಸೇಜ್ ಕೊಟ್ಟು ಪ್ರಶ್ನೆ ಕೇಳೋದೂ ಹಂಗೇ. 'ರಾಜು ವೆಂಟ್ ಟು ದ ಮಾರ್ಕೆಟ್ ಬಿಕಾಸ್ ಹಿಸ್ ಮದರ್ ವಾಸ್ ಇಲ್', ಅಂದ್ರೆ ಅವರಮ್ಮಂಗೆ ಹುಷಾರಿಲ್ಲ ಅಂತ ರಾಜು ಮಾರ್ಕೆಟ್ಟಿಗೆ ಹೋದ, ಅಂತ ಒಂದು ಸಾಲಿದೆ ಅನ್ಕೊಳ್ಳಿ. ರಾಜು ಯಾಕೆ ಮಾರ್ಕೆಟ್ಟಿಗೆ ಹೋದ ಅಂತ ಕೇಳಿದ್ರೂ ಮಗು ಇಡೀ ಸಾಲು ಎತ್ತಿ ಬರಿಯತ್ತೆ, ಯಾರಿಗೆ ಹುಷಾರಿರಲಿಲ್ಲ ಅಂತ ಕೇಳಿದ್ರೂ ಅದೇ ಸಾಲು ಬರಿಯತ್ತೆ, ಉತ್ತರ ಆ ಸಾಲಲ್ಲೇ ಇರೋದ್ರಿಂದ ಎರಡಕ್ಕೂ ಮಾರ್ಕ್ಸ್ ಸಿಗತ್ತೆ. ಅದೇ ಮಗೂನ ಕೂರಿಸ್ಕೊಂಡು, ಹುಷಾರಿಲ್ದೆ ಇದ್ದಿದ್ದು ರಾಜುಗಾ ಅವರಮ್ಮಂಗಾ ಅಂತ ಕನ್ನಡದಲ್ಲೇ ಕೇಳಿ ನೋಡಿ, ರಾಜುಗೆ ಸಾರ್ ಅಂತ ಹೇಳೋ ಮಕ್ಕಳನ್ನ ನಾನು ಬಹಳ ಜನ ನೋಡಿದೀನಿ. ಎಂಬತ್ತು ಮಾರ್ಕ್ಸ್ ತಗೊಂಡೋರೂ ಅದರಲ್ಲಿದ್ರು.

ಯಾಕೆ ಹಿಂಗಾಗತ್ತೆ ಅಂದ್ರೆ, ಕನ್ನಡ ತೆಲುಗು ಎರಡೂ ಬರೆದಂಗೇ ಓದೋ ಭಾಷೆ, ಇಂಗ್ಲಿಷ್ ಹಂಗಲ್ಲ, ಅಕ್ಷರ ಒಂದು ಉಚ್ಚಾರಣೆ ಇನ್ನೊಂದು. ಅಕ್ಷರ ಕೂಡಿಸೋದಕ್ಕೇ ಮಗುವಿನ ಗಮನ ಎಲ್ಲಾ ಖರ್ಚಾಗತ್ತೆ, ಸಾಲಿನ ಕೊನೆಗೆ ಬರೋ ಹೊತ್ತಿಗೆ ಶುರು ಮರೆತೋಗಿರತ್ತೆ. ಮೇಲಿಂದ ನಮ್ಮ ಭಾಷೆಗಳಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ, ಇಂಗ್ಲಿಷಲ್ಲಿ ಮಧ್ಯೆ ಬರತ್ತೆ. ಚಿಕ್ಕ ವಾಕ್ಯದಲ್ಲಿ ತೊಂದರೆ ಇಲ್ಲ, ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದ ಮೂರು ಸಾಲಿನ ವಾಕ್ಯದಲ್ಲಿ ಯಾರು ಏನು ಮಾಡಿದ್ರು ಅಂತಾನೇ ಕಳೆದೋಗತ್ತೆ. ಇದಕ್ಕೆಲ್ಲ ದಿನಾ ಒಂದಿಷ್ಟು ಓದೋದು ಬಿಟ್ರೆ ಬೇರೆ ದಾರಿ ನನಗೆ ಕಂಡಿಲ್ಲ.

ಹಾಗಾದ್ರೆ ನಿಮ್ಮ ಮಗಳು ಎಲ್ಲಿದಾಳೆ ಅಂತ ಮೊದಲು ತಿಳ್ಕೊಳ್ಳಿ, ಇದಕ್ಕೆ ಇಂಗ್ಲಿಷ್ ಬರ್ಬೇಕಾಗಿಲ್ಲ. ಸ್ಟೋರಿವೀವರ್ ಅಂತ ಪ್ರಥಮ್ ಬುಕ್ಸ್‌ನೋರದ್ದು ಒಂದು ಜಾಲತಾಣ ಇದೆ, ದುಡ್ಡು ಕೊಡ್ಬೇಕಾಗಿಲ್ಲ, ಎಷ್ಟೋ ಕಥೆ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಸಿಗತ್ತೆ, ಸುಲಭದಿಂದ ಕಷ್ಟಕ್ಕೆ ಅಂತ ಲೆವೆಲ್ ಕೂಡ ಹಾಕಿದಾರೆ. ಒಂದು ಕಥೆ ಕನ್ನಡದಲ್ಲಿ ನೀವು ಮೊದಲೇ ಓದ್ಕೊಳ್ಳಿ, ಮಗಳಿಗೆ ತೋರಿಸ್ಬೇಡಿ. ಅದೇ ಕಥೆ ಇಂಗ್ಲಿಷಲ್ಲಿ ಅವಳು ಜೋರಾಗಿ ಓದ್ಲಿ. ಆಮೇಲೆ ಫೋನ್ ಮುಚ್ಚಿಟ್ಟು ಏನಾಯ್ತು ಹೇಳಮ್ಮ ಅಂತ ತೆಲುಗಲ್ಲೇ ಕೇಳಿ. ಯಾರು, ಎಲ್ಲಿ, ಯಾಕೆ, ಆಮೇಲೇನಾಯ್ತು, ಇಷ್ಟೇ ಪ್ರಶ್ನೆ. ನಿಮಗೆ ಕಥೆ ಗೊತ್ತಿರೋದ್ರಿಂದ ಅವಳು ಸರಿ ಹೇಳ್ತಿದಾಳಾ ಚಿತ್ರ ನೋಡಿ ಊಹೆ ಮಾಡ್ತಿದಾಳಾ ಅಂತ ತಕ್ಷಣ ಗೊತ್ತಾಗತ್ತೆ. ಬೇರೆ ಬೇರೆ ಕಥೆಲಿ ಎರಡು ಮೂರು ದಿನ ಮಾಡಿ, ಒಂದೇ ದಿನ ನೋಡಿ ತೀರ್ಮಾನಕ್ಕೆ ಬರ್ಬೇಡಿ.

ತಡವರಿಸ್ಕೊಂಡಾದ್ರೂ ಓದಿ ಕಥೆ ಸರಿಯಾಗಿ ಹೇಳಿದ್ರೆ ಅವಳು ಯಾವ ಮೀಡಿಯಂನಲ್ಲಾದ್ರೂ ನಿಭಾಯಿಸ್ತಾಳೆ, ಆಗ ದೂರ, ಫೀಸು, ಮೇಷ್ಟ್ರು ಇವನ್ನ ನೋಡಿ ನಿರ್ಧಾರ ಮಾಡಿ. ಪಟಪಟ ಅಂತ ಓದಿ ಏನೂ ಹೇಳಕ್ಕೆ ಬರ್ಲಿಲ್ಲ ಅಂದ್ರೆ ಅಕ್ಷರ ಬರತ್ತೆ ಅರ್ಥ ಬರಲ್ಲ ಅಂತ, ನಮ್ಮ ಹೆಚ್ಚಿನ ಮಕ್ಕಳು ಇರೋದು ಇಲ್ಲೇ. ಓದಕ್ಕೇ ಒದ್ದಾಡಿದ್ರೆ ಈಗ ಮೀಡಿಯಂ ಬದಲಾಯಿಸ್ಲೇಬೇಡಿ, ಇಂಗ್ಲಿಷ್ ಒಂದರ ಜೊತೆ ಲೆಕ್ಕ, ವಿಜ್ಞಾನ, ಸಮಾಜ ಎಲ್ಲಾ ಒಟ್ಟಿಗೆ ಕೆಳಗೆ ಬರತ್ತೆ.

ಇನ್ನೊಂದು ವಿಷಯ, ಇದನ್ನ ಅಡ್ಮಿಷನ್ ಟೈಮಲ್ಲಿ ಯಾರೂ ಹೇಳಲ್ಲ, ಅಗ್ರಿ ಬಿಎಸ್ಸಿ ಅಂತ ಬರೆದಿದೀರಲ್ಲ ಅದಕ್ಕೇ ಒತ್ತಿ ಹೇಳ್ತಿದೀನಿ. ಪಿಯುಸಿ ಆದ ಮೇಲೆ ಬರೆಯೋ ಸಿಇಟಿ ಪ್ರವೇಶ ಪರೀಕ್ಷೆಯ ಸೀಟು ಹಂಚಿಕೇಲಿ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದೋರಿಗೆ ಶೇ 5, ಹಂಗೇ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೇಲಿ ಓದಿದೋರಿಗೆ ಶೇ 15 ಕೋಟಾ ಇದೆ. ನಿಮ್ಮ ಮಗಳು ಏಳು ವರ್ಷ ಎರಡನ್ನೂ ಉಳಿಸ್ಕೊಂಡು ಬಂದಿದಾಳೆ. ಎಂಟನೇ ಕ್ಲಾಸಿಗೆ ನಗರಸಭೆ ವ್ಯಾಪ್ತಿಯ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಸೇರಿಸಿದ ದಿನ ಎರಡೂ ಹೋಯ್ತು, ಆಮೇಲೆ ವಾಪಸ್ ಬರಲ್ಲ. ಚಿಂತಾಮಣಿ ರೇಷ್ಮೆ ಕೃಷಿ ಕಾಲೇಜಿಗೋ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಗೋ ಸೀಟು ಕೇಳೋವಾಗ ಈ ಕೋಟಾದಿಂದ ಎಷ್ಟೋ ಮಕ್ಕಳಿಗೆ ದಾರಿ ಆಗಿದೆ. ಇದೊಂದಕ್ಕೇ ಅಂತ ಮಗೂನ ಸರಿಯಿಲ್ಲದ ಸ್ಕೂಲಿಗೆ ಹಾಕಿ ಅಂತ ನಾನು ಹೇಳ್ತಿಲ್ಲ, ಆದ್ರೆ ಏನು ಬಿಡ್ತಿದೀವಿ ಅಂತ ಗೊತ್ತಿದ್ದು ಬಿಡ್ಬೇಕು. ಏಳನೇ ಕ್ಲಾಸು ಮುಗಿದ ತಕ್ಷಣ ಹೆಡ್‌ಮಾಸ್ಟರ್ ಹತ್ರ ವ್ಯಾಸಂಗ ಪ್ರಮಾಣಪತ್ರ ತಗೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಮೇಲುಸಹಿ ಮಾಡಿಸಿ ಜೋಪಾನವಾಗಿ ಇಡಿ.

ಹಂಗಾದ್ರೆ ಏನು ಮಾಡೋದು. ನೀವು ಬರೆದಿರೋದನ್ನ ನೋಡಿದ್ರೆ ನನ್ನ ಸಲಹೆ ಪಕ್ಕದೂರಿನ ಹೈಸ್ಕೂಲು, ಕನ್ನಡ ಮೀಡಿಯಂ, ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜು, ಜೊತೆಗೆ ಪಿಯುಸಿಗೆ ಮೂರು ವರ್ಷ ಮೊದಲಿಂದಾನೇ ಮನೇಲಿ ತಯಾರಿ. ಇದರಲ್ಲಿ ರಿಸ್ಕ್ ಇಲ್ವಾ? ಇದೆ. ಮನೇಲಿ ಮಾಡೋ ತಯಾರಿ ಎರಡು ತಿಂಗಳಲ್ಲಿ ನಿಂತೋದ್ರೆ ನಿಮ್ಮ ಭಾವ ಹೇಳಿದ್ದೇ ನಿಜ ಆಗತ್ತೆ, ಪಿಯುಸಿಲಿ ಹುಡುಗಿ ಒದ್ದಾಡ್ತಾಳೆ. ಹತ್ತಿರದಲ್ಲೇ ಕರ್ನಾಟಕ ಪಬ್ಲಿಕ್ ಸ್ಕೂಲಲ್ಲೋ ಬೇರೆ ಸರ್ಕಾರಿ ಹೈಸ್ಕೂಲಲ್ಲೋ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇದ್ರೆ ಅದನ್ನೂ ಒಂದ್ಸಲ ಹೋಗಿ ನೋಡಿ, ಫೀಸಿನ ಭಾರ ಇರಲ್ಲ, ಹಳ್ಳೀಲೇ ಇದ್ರೆ ಗ್ರಾಮೀಣ ಕೋಟಾನೂ ಉಳಿಯತ್ತೆ, ಕನ್ನಡ ಮಾಧ್ಯಮದ್ದು ಮಾತ್ರ ಹೋಗತ್ತೆ. ಅಲ್ಲಿ ಓದ್ತಿರೋ ಒಂದು ಮಗುವಿನ ವಿಜ್ಞಾನದ ನೋಟ್‌ಬುಕ್ ಕೇಳಿ ನೋಡಿ. ಎಲ್ಲಾ ಮಕ್ಕಳ ಪುಸ್ತಕದಲ್ಲೂ ಅಕ್ಷರ ತಪ್ಪದೆ ಒಂದೇ ಉತ್ತರ ಇದ್ರೆ ಕಾಪಿ ಅಂತ ತಿಳ್ಕೊಳ್ಳಿ. ಮಗು ಮಗುಗೂ ಬೇರೆ ಬೇರೆ ಇದ್ದು, ತಪ್ಪಿಗೆ ಮೇಷ್ಟ್ರು ಗುರುತು ಹಾಕಿ ತಿದ್ದಿದ್ರೆ ಅದು ಒಳ್ಳೇ ಕ್ಲಾಸು. ಟೌನ್ ಪ್ರೈವೇಟ್ ಸ್ಕೂಲಿಗೂ ಇದೇ ಪರೀಕ್ಷೆ, ಜೊತೆಗೆ ಬಸ್ಸಲ್ಲಿ ಹೋಗಿ ಬರೋ ಟೈಮು ಲೆಕ್ಕ ಹಾಕಿ, ಸುಸ್ತಾಗಿ ಬಂದ ಮಗು ಮನೇಲಿ ಎಷ್ಟು ಓದೀತು.

ಮನೇಲಿ ಮಾಡೋ ತಯಾರಿ ಅಂದ್ನಲ್ಲ, ಅದರಲ್ಲಿ ನಾನು ಬಹಳ ನಂಬಿರೋದು ಎರಡು ಪುಸ್ತಕ ಜೋಡಿಸಿ ಓದೋ ಕೆಲಸ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಕನ್ನಡ ಮೀಡಿಯಂದೂ ಇಂಗ್ಲಿಷ್ ಮೀಡಿಯಂದೂ ವಿಜ್ಞಾನ ಪುಸ್ತಕ ಫ್ರೀಯಾಗಿ ಸಿಗತ್ತೆ. ಅದೇ ಪಾಠ, ಅದೇ ಚಿತ್ರ, ಭಾಷೆ ಮಾತ್ರ ಬೇರೆ. ಸ್ಕೂಲಲ್ಲಿ ಕನ್ನಡದಲ್ಲಿ ಪಾಠ ಆಗಿ ಅರ್ಥ ಆದ ಮೇಲೆ, ಮನೇಲಿ ಇಂಗ್ಲಿಷ್ ಪುಸ್ತಕದ ಅದೇ ಪುಟ ತೆಗೀಲಿ, ಮೊದಲು ಚಿತ್ರದಲ್ಲಿ ಗುರುತು ಮಾಡಿರೋ ಹೆಸರುಗಳನ್ನ ನೋಡ್ಲಿ. ಒಂದು ನೂರು ಪುಟದ ನೋಟ್‌ಬುಕ್ಕಲ್ಲಿ ಮಧ್ಯೆ ಗೆರೆ ಹಾಕಿ ಎಡಗಡೆ ಜಡತ್ವ, ಬಲಗಡೆ ಇನರ್ಷಿಯಾ, ಎಡಗಡೆ ವಕ್ರೀಭವನ, ಬಲಗಡೆ ರಿಫ್ರ್ಯಾಕ್ಷನ್, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್, ಹಿಂಗೆ. ಬಲಗಡೆದನ್ನ ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕು, ಸ್ಪೆಲ್ಲಿಂಗ್ ಸಮೇತ. ಲೆಕ್ಕಕ್ಕೂ ಒಂದು ಭಾಗ ಇಡ್ಲಿ, ಅಂಶ, ಛೇದ, ತ್ರಿಜ್ಯ, ವ್ಯಾಸ ಎಲ್ಲ. ಪದ ಆದ ಮೇಲೆ ಆ ಪುಟದಿಂದ ಎರಡೇ ವಾಕ್ಯ ಓದಿ ಕನ್ನಡದಲ್ಲಿ ಹೇಳ್ಲಿ, ಜಾಸ್ತಿ ಬೇಡ. ವಿಷಯ ಮೊದಲೇ ಗೊತ್ತಿರೋದ್ರಿಂದ ಇಲ್ಲಿ ಭಾಷೆ ಒಂದೇ ಹೊಸದು, ಅದಕ್ಕೇ ಇದು ಹಿಡಿಯತ್ತೆ. ಎಂಟು, ಒಂಬತ್ತು, ಹತ್ತು ಮೂರೂ ವರ್ಷ ಇದನ್ನ ಮಾಡ್ಕೊಂಡು ಬಂದ ಮಕ್ಕಳು ಪಿಯುಸಿಲಿ ಮೊದಲನೇ ಕ್ಲಾಸಲ್ಲೇ ಗಾಬರಿ ಬೀಳಲ್ಲ.

ಕಥೆ ಓದಿ ನಿಮಗೆ ತೆಲುಗಲ್ಲಿ ಹೇಳೋದನ್ನ ಆ ಎರಡು ಮೂರು ದಿನದ ಪರೀಕ್ಷೆಗೇ ನಿಲ್ಲಿಸ್ಬೇಡಿ, ಅದೇ ದಿನದ ಅಭ್ಯಾಸ ಆಗ್ಲಿ, ಇಪ್ಪತ್ತು ನಿಮಿಷ ಸಾಕು. ಪುಸ್ತಕ ಆರಿಸೋವಾಗ ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಬಂದಂಗೆಲ್ಲ ಒಂದೊಂದು ಬೆರಳು ಮಡಚಕ್ಕೆ ಹೇಳಿ, ಪುಟ ಮುಗಿಯೋ ಮೊದಲೇ ಐದು ಬೆರಳೂ ಮಡಚಿದ್ರೆ ಆ ಪುಸ್ತಕ ಈಗ ಬೇಡ, ಸುಲಭದ್ದು ತಗೊಳ್ಳಿ. ಎಂಟನೇ ಕ್ಲಾಸಿನ ಹುಡುಗಿ ಮೂರನೇ ಕ್ಲಾಸಿನ ಕಥೆ ಓದಿದ್ರೆ ಅವಮಾನ ಏನಿಲ್ಲ, ಯಾರಾದ್ರೂ ನಕ್ರೆ ನೀವು ಅಡ್ಡ ನಿಂತ್ಕೊಳ್ಳಿ. ಫೋನ್ ಯಜಮಾನ್ರ ಜೊತೆ ಹೊರಗೆ ಹೋಗಿದ್ರೆ ಪಂಚಾಯ್ತಿ ಅರಿವು ಕೇಂದ್ರದಲ್ಲಿ, ಅಂದ್ರೆ ಪಂಚಾಯ್ತಿ ಲೈಬ್ರರೀಲಿ, ಮಕ್ಕಳಿಗೆ ಸದಸ್ಯತ್ವ ಉಚಿತ, ಅಲ್ಲಿಂದ ಪುಸ್ತಕ ತರ್ಲಿ.

ತೆಲುಗಲ್ಲಿ ಹೇಳಿದ್ರೆ ಮೂರು ಭಾಷೆ ಕಲಸಿ ಹೋಗತ್ತೆ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮಕ್ಕಳು ಮನೇಲಿ ತೆಲುಗು ಸ್ಕೂಲಲ್ಲಿ ಕನ್ನಡ ಅಂತ ತಲೆಮಾರುಗಳಿಂದ ಓದ್ತಾನೇ ಇದಾರೆ. ಮನಸ್ಸು ಬಿಚ್ಚಿ ಮಾತಾಡೋ ಭಾಷೇಲಿ ವಿವರಿಸಕ್ಕೆ ಬಂದ್ರೇನೇ ಅರ್ಥ ಆಗಿದೆ ಅಂತ ಲೆಕ್ಕ. ಮನೇಲಿ ಎಲ್ರೂ ಇಂಗ್ಲಿಷ್ ಮಾತಾಡ್ಬೇಕು ಅಂತ ಹೊರಟ ಕೆಲವು ಮನೇಲಿ ಮಕ್ಕಳು ಅಪ್ಪ ಅಮ್ಮನ ಹತ್ರ ಮಾತಾಡೋದನ್ನೇ ಕಮ್ಮಿ ಮಾಡಿದ್ದನ್ನ ನೋಡಿದೀನಿ, ಅದು ಬಹಳ ದೊಡ್ಡ ನಷ್ಟ. ನಿಮ್ಮ ಜಿಲ್ಲೆಯೋರೇ ಆದ ಡಾ. ಎಚ್. ನರಸಿಂಹಯ್ಯನೋರು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿ, ಹಳ್ಳಿ ಶಾಲೇಲಿ ಅಕ್ಷರ ಕಲ್ತು, ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟೀಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ್ರು. ಅವರ ಕಾಲ ಬೇರೆ, ನಮ್ಮ ಕಾಲ ಬೇರೆ, ಒಪ್ತೀನಿ, ಆದ್ರೂ ಹಳ್ಳಿ ಕನ್ನಡ ಶಾಲೆ ಅಂದ ತಕ್ಷಣ ದಾರಿ ಮುಚ್ಚೋಯ್ತು ಅನ್ನೋರಿಗೆ ನಾನು ಅವರ ಹೆಸರು ಹೇಳ್ತೀನಿ.

ಹುಳ ಸಾಕೋ ಮನೆ ಅಂತ ಬರೆದಿದೀರ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದ್ರೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹಣ್ಣಾಗಿ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬಿಡೋ ತನಕ ಸೊಪ್ಪು ಎಷ್ಟು ತಂದ್ರೂ ಸಾಲಲ್ಲ, ಮನೇಲಿ ಯಾರಿಗೂ ಪುರುಸೊತ್ತಿರಲ್ಲ, ಮಕ್ಕಳೂ ಕೈ ಹಾಕ್ತಾರೆ. ಆ ವಾರ ಇಂಗ್ಲಿಷ್ ಓದು ಅಂತ ಬಲವಂತ ಮಾಡಿದ್ರೆ ಇಂಗ್ಲಿಷ್ ಮೇಲೇ ಸಿಟ್ಟು ಬರತ್ತೆ. ಆಗ ಸೊಪ್ಪು ಹಾಕ್ತಾ ಹಾಕ್ತಾ ಫೋನಲ್ಲಿ ಇಂಗ್ಲಿಷ್ ಕಥೆ ಕೇಳಿಸ್ಕೊಳ್ಳಿ, ಮೊದಲು ಓದಿರೋ ಕಥೆನೇ ಆದ್ರೆ ಇನ್ನೂ ಒಳ್ಳೇದು. ಗೂಡು ಮಾರ್ಕೆಟ್ಟಿಗೆ ಹೋದ ಮಾರನೇ ದಿನದಿಂದ ಮತ್ತೆ ಶುರು ಮಾಡಿದ್ರಾಯ್ತು. ಜೂನಲ್ಲಿ ಸ್ಕೂಲ್ ಶುರುವಾದಾಗ ಸೇತುಬಂಧ ಅಂತ ಹಿಂದಿನ ವರ್ಷದ್ದನ್ನ ಮತ್ತೆ ಹೇಳ್ಕೊಡ್ತಾರಲ್ಲ, ಆ ದಿನಗಳಲ್ಲಿ ಮಾತ್ರ ರಜಾ ಹಾಕಿಸ್ಬೇಡಿ, ಪಾಠ ಶುರುವಾಗಿಲ್ಲ ಅಂತ ಬಹಳ ಜನ ಮನೇಲಿ ಇಟ್ಕೋತಾರೆ.

ಟ್ಯಾಬ್ ಮಾರಕ್ಕೆ ಬಂದೋರ ಹತ್ರ ಇಎಂಐ ಪೇಪರಿಗೆ ಸೈನ್ ಹಾಕ್ಬೇಡಿ, ಅದರಲ್ಲಿರೋ ವಿಡಿಯೋ ತರದ್ದೇ ನಿಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಸರ್ಕಾರದ ದೀಕ್ಷಾ ಆ್ಯಪಲ್ಲಿ ಪುಕ್ಕಟೆ ಬರತ್ತೆ. ಮೂವತ್ತು ದಿನದ ಸ್ಪೋಕನ್ ಇಂಗ್ಲಿಷಲ್ಲಿ ನಮಸ್ಕಾರ, ಹೇಗಿದೀರಾ ಅನ್ನೋ ಮಟ್ಟದ್ದು ಬರತ್ತೆ, ಮಾತಾಡೋ ಸಂಕೋಚ ಹೋಗತ್ತೆ ಅನ್ನೋದೂ ನಿಜ, ಆದ್ರೆ ಪುಸ್ತಕ ಓದಿ ಅರ್ಥ ಮಾಡ್ಕೊಳೋದು ಅದರಿಂದ ಬರಲ್ಲ. ಟ್ಯೂಷನ್ ಹಾಕ್ಲೇಬೇಕು ಅನ್ಸಿದ್ರೆ ಆ ಟೀಚರ್ ಮಗಳ ಕೈಲಿ ದಿನಾ ಮೂರು ಸ್ವಂತ ವಾಕ್ಯ ಬರೆಸ್ತಾರಾ ಕೇಳಿ. ಇವತ್ತು ಹಸು ಕರು ಹಾಕ್ತು, ಕರೆಂಟ್ ಇರ್ಲಿಲ್ಲ, ಅಜ್ಜಿ ಬಂದ್ರು, ಅಂಥವು. ಗೈಡ್ ನೋಡಿ ಬರೆಸೋರಾದ್ರೆ ಆ ದುಡ್ಡಲ್ಲಿ ಒಂದು ಒಳ್ಳೇ ಇಂಗ್ಲಿಷ್ ಕನ್ನಡ ಡಿಕ್ಷನರಿ ತಗೊಳ್ಳಿ.

ಚಿಕ್ಕೋನ ವಿಷಯದಲ್ಲಿ ನಿಮಗೆ ಇನ್ನೂ ಟೈಮಿದೆ. ಸರ್ಕಾರವೇ ನಡೆಸೋ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಇವಕ್ಕೆಲ್ಲ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇರತ್ತೆ, ಐದನೇ ಕ್ಲಾಸಲ್ಲಿ ಇರೋವಾಗ್ಲೇ ಅರ್ಜಿ ಹಾಕ್ಬೇಕು, ಮಗಳಿಗೆ ಆ ಅವಕಾಶ ದಾಟಿಹೋಗಿದೆ, ಮಗನಿಗೆ ಇದೆ. ಮುಂದಿನ ವರ್ಷ ಅವನ ಕ್ಲಾಸ್ ಟೀಚರ್ ಹತ್ರ ಮೊದಲೇ ಹೇಳಿಡಿ, ಜಾತಿ ಮತ್ತೆ ಆದಾಯ ಪ್ರಮಾಣಪತ್ರ ನಾಡಕಚೇರಿಲಿ ಈಗ್ಲೇ ಮಾಡಿಸಿಡಿ, ಕೊನೇ ದಿನ ಸರ್ವರ್ ಕೈಕೊಟ್ಟು ಅರ್ಜಿ ಹಾಕಕ್ಕಾಗದೆ ಉಳಿದೋರು ಇದಾರೆ. ಅಷ್ಟರಲ್ಲಿ ಅಕ್ಕ ಸಂಜೆ ಕಥೆ ಓದೋವಾಗ ಅವನೂ ಪಕ್ಕದಲ್ಲಿ ಕೂತ್ಕೊಳ್ಲಿ.